ಕೌದಿಯ ಹೊಟ್ಟೆಗೆ ಜಿಲೇಬಿ

ಕಮಲಾಪುರದ ಅರ್ಧ ಊರು ನೀಲಗಂಗಮ್ಮ ಹೊಲಿದ ಕೌದಿ ಹೊದ್ದು ಮಲಗುತ್ತಿತ್ತು. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳಲ್ಲೇ ಆಕೆ ಗಿಳಿ, ಆನೆ, ಕೆಂಪು ಬಾಳೆಗೊನೆ, ಹೊಗೆ ಬಿಡುವ ಮೋಟಾರು ಎಲ್ಲವನ್ನೂ ಮೂಡಿಸುತ್ತಿದ್ದಳು. ಆದರೂ ಆಕೆಗೊಂದು ಕೊರಗಿತ್ತು.

"ಹೊದ್ದವರು ಕಣ್ಣು ಮುಚ್ಚಿ ಗೊರಕಿ ಹೊಡೀತಾರ. ನನ್ನ ಆನಿ ನೋಡೋರು ಯಾರು?"

"ಆನಿ ಹೊದ್ದು ಮಲಗೋ ಭಾಗ್ಯ ನವಾಬರಿಗೂ ಇಲ್ಲ, ಸುಮ್ಕಿರು," ಎನ್ನುತ್ತಿದ್ದ ಗಂಡ ಮರೆಪ್ಪ.

ನಿಜಾಮರ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಮೂರನೆಯ ವರ್ಷ ಇರಬೇಕು. ಕಲಬುರಗಿಯ ಶಹಾಬಜಾರದಲ್ಲಿ ಒಂದು ಚಿತ್ರಮಂಡಳಿ ಹುಟ್ಟಿತು. ಯಾರು ಬೇಕಾದರೂ ತಮ್ಮ ಕೈಕೆಲಸ ತಂದು ಅವರ ಗೋಡೆಗೆ ತೂಗುಹಾಕಬಹುದು ಎಂಬ ಸುದ್ದಿ ಕಮಲಾಪುರದ ಸಂತೆಗೂ ಬಂತು. ನೀಲಗಂಗಮ್ಮ ಅಡುಗೆಯನ್ನೂ ಅವಸರದಲ್ಲಿ ಮುಗಿಸಿ ಹಗಲೆಲ್ಲ ಹೊಲಿದಳು. ಒಂದು ಮೂಲೆಯನ್ನಷ್ಟೇ ಹೊಲಿಯದೆ ಬಿಟ್ಟು, ಕೌದಿಯನ್ನು ಮೋಟಾರಿನ ಮೇಲೆ ಹಾಕಿಸಿ, ಗಂಡನನ್ನು ಒಳಗೆ ಕೂರಿಸಿ ಹೊರಟಳು.

ಬಾಗಿಲಲ್ಲಿ ಮಂಡಳಿಯ ಕಾರ್ಯದರ್ಶಿ ಇನಾಯತ್ ಸಾಹೇಬರು ನಿಂತಿದ್ದರು.

"ಒಂದು ಚಿತ್ರಕ್ಕ ಎರಡು ರೂಪಾಯಿ ಫೀಸು, ಬಾಯಿ. ನಿಜಾಮರ ಹಾಲಿ ರೂಪಾಯಿ ನಡ್ಯಂಗಿಲ್ಲ, ಹಿಂದೂಸ್ತಾನದ ಕಲದಾರ ರೂಪಾಯಿ ಬೇಕು. ಬಾಡಿಗಿ, ದೀಪ, ಮೊಳಿ, ಎಲ್ಲಾ ಅದರಾಗs." ಕೌದಿ ಬಿಚ್ಚಿ ನೋಡಿದವರೇ ಹೌಹಾರಿದರು. "ಗಿಳಿ, ಆನಿ, ಬಾಳಿಗೊನಿ... ಅರೆ, ಇದರಾಗ ಹತ್ತು ಹನ್ನೆರಡು ಚಿತ್ರ ಅದಾವ!"

"ನಿಮ್ಮ ಶೇರ್ವಾನಿಗೆ ಎಂಟು ಗುಂಡಿ ಅದಾವಲ್ರೀ, ಅವು ಎಂಟು ಶೇರ್ವಾನಿ ಏನು?"

ಒಳಗಿದ್ದ ಚಿತ್ರಗಾರರೆಲ್ಲ ಗೊಳ್ಳೆಂದರು. ಸಾಹೇಬರು ಗುಂಡಿ ಸವರಿಕೊಂಡು, "ಆತು, ಒಂದs ಅನ್ರಿ. ಫೀಸು ತೆಗೀರಿ," ಎಂದರು.

"ನಾ ಯಾಕ ಕೊಡ್ಲಿ? ನೀವs ಕೊಡಬೇಕು!"

ಆಕೆ ಹಟಕ್ಕೆ ಹೇಳಿದ್ದಲ್ಲ. ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಅದನ್ನು ಮನೆಯೊಳಗೆ ಕರೆದುಕೊಳ್ಳುವವರು ತೆರೆದ ಮೂಲೆಯಲ್ಲಿ ಒಂದು ಸಿಹಿ ತುತ್ತು ಇಡಬೇಕು. ಆಮೇಲೆ ಹೊಲಿದವಳು ಕೊನೆಯ ಹೊಲಿಗೆ ಹಾಕುತ್ತಾಳೆ. ಗೋಡೆಯವರ ಪದ್ಧತಿ ಬೇರೆ ಇರಬಹುದೆಂದು ಆಕೆಗೆ ಹೊಳೆದೇ ಇರಲಿಲ್ಲ.

"ಗ್ವಾಡಿ ನಿಮ್ದು, ಕರಕೊಳ್ಳೋರು ನೀವು. ಇದರ ಹೊಟ್ಟಿಗೆ ಹಾಕ್ರಿ, ಹೊಲೀತೀನಿ."

"ಫೀಸು ಇಲ್ದ ಒಳಗ ಬಿಡಂಗಿಲ್ಲ ಬಾಯಿ," ಎಂದರು ಸಾಹೇಬರು.

ಮರೆಪ್ಪ ಕೌದಿ ಮಡಚತೊಡಗಿದ. ನೀಲಗಂಗಮ್ಮನ ದನಿ ಇಳಿಯಿತು. "ಮತ್ತ ಹೊದಿಯಾಕs ಒಯ್ಯೂದೇನು ಇದನ್ನ?"

ಆಗ ಅಂಗಡಿ ಬೋರ್ಡು ಬರೆಯುವ ಅಂಬಣ್ಣ ಒಳಗಿಂದ ಕೂಗಿದ. "ಸಾಹೇಬ್ರ, ನಾ ಫೀಸು ಕಟ್ಟಿ ಮೂರು ಚಿತ್ರ ಇಟ್ಟೀನಿ. ಮುಂಜಾನಿಂದ ಮೂರೂ ಉಪಾಸ ಅದಾವ!"

ಇನ್ನೊಬ್ಬ ತನ್ನ ಚಿತ್ರದ ಎಮ್ಮೆಯ ಬೆನ್ನು ಸವರಿ, "ಅಳಬ್ಯಾಡವ್ವ, ಸಾಹೇಬರು ಹಿಂಡಿ ತರಸ್ತಾರ," ಎಂದ. ಮತ್ತೊಬ್ಬ ತನ್ನ ಚಿತ್ರದ ಪೈಲವಾನನಿಗೆ ಒಂದು ಸೇರು ಬದಾಮಿ ಕೇಳಿದ. "ಗ್ವಾಡಿ ಚಂದ ಮಾಡೋರು ನಾವು, ರೊಕ್ಕ ಕೊಡೋರೂ ನಾವs?" ಎಂದು ಎಲ್ಲರೂ ಒಟ್ಟಿಗೆ ಬೊಬ್ಬೆ ಹಾಕಿದರು. ಸಾಹೇಬರು ಸಿಟ್ಟಾಗಲು ಬಾಯಿ ತೆರೆದರು, ನಗು ಬಂತು, ಗೋಡೆ ಹಿಡಿದು ಕೂತುಬಿಟ್ಟರು.

ಮಂಡಳಿಯವರು ಮೂಲೆಯಲ್ಲಿ ಗುಸುಗುಸು ಮಾಡಿ ಎದ್ದರು. ಬಾಗಿಲಲ್ಲಿ ಫೀಸು ಬೇಡ, ಕಟ್ಟಿದವರಿಗೆ ವಾಪಸು. ಯಾರ ಚಿತ್ರ ಮಾರಾಟವಾಗುತ್ತದೋ ಅವರು ರೂಪಾಯಿಗೆ ಎರಡಾಣೆ ಬಿಟ್ಟುಕೊಡಲಿ, ಖರ್ಚು ಅದರಲ್ಲೇ ನಡೆಯಲಿ. ಅಂಬಣ್ಣ ವಾಪಸು ಬಂದ ರೊಕ್ಕದಲ್ಲಿ ಜಿಲೇಬಿ ತರಲು ಓಡಿದ.

ಇನಾಯತ್ ಸಾಹೇಬರು ಬಿಸ್ಮಿಲ್ಲಾ ಎಂದು ಒಂದು ಜಿಲೇಬಿಯನ್ನು ಕೌದಿಯ ಮೂಲೆಗೆ ತುರುಕಿದರು. "ಸಾಕಲ್ರೀ?"

"ಒಳಗ ಆನಿ ಐತ್ರಿ. ಇನ್ನೊಂದು ಹಾಕ್ರಿ."

ಪಾಕ ಸೋರುತ್ತಿದ್ದಂತೆಯೇ ನೀಲಗಂಗಮ್ಮ ಮೂಲೆ ಹೊಲಿದಳು. ಕೌದಿ ಇಡೀ ಗೋಡೆಯನ್ನು ತುಂಬಿತು.

ಸಂಜೆ ಮರೆಪ್ಪ ಓಡಿಬಂದ. "ಏ, ಕಡೀ ಮೋಟಾರು ಹೊಂಟೈತಿ!"

"ನೀ ಹೋಗು," ಎಂದು ಆಕೆ ತಿರುಗಿಯೂ ನೋಡದೆ ಜನರನ್ನು ಎರಡೂ ಕೈಯಿಂದ ಸರಿಸುತ್ತಿದ್ದಳು. "ಸರದು ನಿಂದರ್ರೆಪಾ, ಹಿಂದಿನವ್ರಿಗೆ ಬಾಳಿಗೊನಿ ಕಾಣವಲ್ದು!"