ದೇವರ ಮನೆಯ ಕಂದು ಬಾಟಲಿ

ಧಾರವಾಡದ ಕಚೇರಿಯಲ್ಲಿ ಕಾರಕೂನನಾಗಿದ್ದ ಬಿಂದುಮಾಧವನಿಗೆ ಸುಳ್ಳು ದಕ್ಕುತ್ತಿರಲಿಲ್ಲ. ಹೇಳಹೊರಟರೆ ಸಾಕು, ಕಿವಿ ಕೆಂಪಾಗಿ ಗುಟ್ಟು ರಟ್ಟಾಗುತ್ತಿತ್ತು. ಇಂಥ ಬಡಪಾಯಿ ಜನ್ಮದಲ್ಲಿ ಮೊದಲ ಬಾರಿ ದಕ್ಕಿಸಿಕೊಂಡ ಸುಳ್ಳು ಹೆತ್ತ ತಾಯಿಗೆ ಹೇಳಿದ್ದು.

ತಾಯಿ ಅಂಬಾಬಾಯಿ ಕಡು ಮಡಿಯ ಹೆಂಗಸು. ಗಂಡ ತೀರಿದ ಮೇಲೆ ದೇವರ ಪೂಜೆ, ನೈವೇದ್ಯದ ಅಡಿಗೆ, ಇಷ್ಟೇ ಅವಳ ಲೋಕ. ೧೯೩೩ರ ಚಳಿಗಾಲದಲ್ಲಿ ಅವಳು ಬದಿಗಿಟ್ಟ ತಂಬಿಗೆಯನ್ನು ಎಡವತೊಡಗಿದಳು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪಂಢರಿನಾಥರು ಮುಚ್ಚಿದ ರೆಪ್ಪೆಯ ಮೇಲೆ ಬೆರಳೊತ್ತಿ, ಗುಡ್ಡೆ ಕಲ್ಲಾಗಿದೆ ಎಂದರು. ಕಣ್ಣೊಳಗೆ ಸದಾ ನೀರು ಹುಟ್ಟುತ್ತದೆ, ಸದಾ ಹರಿದುಹೋಗುತ್ತದೆ. ಬಚ್ಚಲ ಮೋರಿ ಕಟ್ಟಿದಂತೆ ಅದು ನಿಂತರೆ ಒತ್ತಡ ಏರಿ ನೋಟದ ನರ ಸಾಯುತ್ತದೆ. ಹೋದ ನೋಟ ಬಾರದು, ಉಳಿದದ್ದನ್ನು ಉಳಿಸಿಕೊಳ್ಳಬೇಕು. ಮೊದಲು ಕೊಟ್ಟ ಕಣ್ಣಿನ ಹನಿಗಳು ಅಂಬಾಬಾಯಿಗೆ ಒಗ್ಗದೆ ತಲೆನೋವು, ವಾಂತಿ ಶುರುವಾದಾಗ ಅವರು ಮುಂಬಯಿಯಿಂದ ಅಡ್ರಿನಲಿನ್ ಹನಿ ತರಿಸಿದರು. ಅದು ರಕ್ತನಾಳ ಬಿಗಿದು ನೀರು ಹುಟ್ಟುವುದನ್ನೇ ತಗ್ಗಿಸುತ್ತದೆಂದು ಅವರ ಎಣಿಕೆ. ಆಮೇಲೆ ಮಗನನ್ನು ಪಕ್ಕಕ್ಕೆ ಕರೆದರು.

"ಇದು ದನದ ಮೂತ್ರಪಿಂಡದ ಮ್ಯಾಲಿನ ಗ್ರಂಥಿಯಿಂದ ತಗದದ್ದು. ಹೇಳೂದು ಬಿಡೂದು ನಿಮಗ ಬಿಟ್ಟದ್ದು. ಔಷಧ ನಿಲ್ಲಿಸಿದ್ರ ಮಾತ್ರ ಕಣ್ಣು ಹೋಗ್ತಾವ್ರಿ."

ಮನೆಗೆ ಬಂದೊಡನೆ ತಾಯಿ ಕೇಳಿದ್ದೂ ಅದನ್ನೇ. "ಇದು ಯಾತರದ್ದೋ, ಬಿಂದು?"

"ಗಿಡದ ಬೇರಿಂದವ್ವಾ."

ಅವಳಿಗೆ ಮಗನ ಮುಖ ಕಂಡಿತು, ಕಿವಿ ಕಾಣಲಿಲ್ಲ. ಸುಳ್ಳು ದಕ್ಕಿತು.

ಹನಿ ಬಿಟ್ಟಾಗ ಕಣ್ಣು ಉರಿಯುತ್ತಿತ್ತು, ಎದೆ ಸ್ವಲ್ಪ ಹೊತ್ತು ಡವಗುಟ್ಟುತ್ತಿತ್ತು. ಆದರೆ ಮುಂದಿನ ಸಲ ಡಾಕ್ಟರು ಬೆರಳೊತ್ತಿ, ಗುಡ್ಡೆ ಮೆತ್ತಗಾಗಿದೆ ಎಂದರು. ಬಿಂದುಮಾಧವನಿಗೆ ಹೋದ ಜೀವ ಬಂದಂತಾಯಿತು. ಆ ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ಅಂಬಾಬಾಯಿ ಹನಿಯ ಕಂದು ಬಾಟಲಿಯನ್ನು ಒಯ್ದು ದೇವರ ಮನೆಯಲ್ಲಿ, ಸಾಲಿಗ್ರಾಮದ ಪಕ್ಕದಲ್ಲೇ ಇಟ್ಟಳು. ಇಷ್ಟು ಗುಣ ಕೊಟ್ಟ ಬೇರನ್ನು ದೇವರಿಗೆ ಒಪ್ಪಿಸದೆ ಕಣ್ಣಿಗೆ ಬಿಟ್ಟುಕೊಂಡರೆ ಕೃತಘ್ನತೆ ಆದೀತು ಎಂದಳು.

ಪರದೇಶದ ಬಾಟಲಿ, ಗೂಡಿನಲ್ಲಿರಲಿ ಎಂದು ಅವನು ಗೋಗರೆದ. ಅವಳು ಅದಕ್ಕೊಂದು ತುಳಸಿದಳ ಏರಿಸಿದಳು.

ಅಂದಿನಿಂದ ಅವನು ಇಕ್ಕಟ್ಟಿಗೆ ಸಿಕ್ಕಿಕೊಂಡ. ನಿಜ ಹೇಳಿದರೆ ಅವಳು ಹನಿ ಮುಟ್ಟುವುದಿಲ್ಲ, ಕುರುಡಿಯಾಗುತ್ತಾಳೆ. ಕುರುಡಾಗುವ ಮೊದಲೇ, ದೇವರ ಪಕ್ಕದಲ್ಲಿ ಏನಿಟ್ಟೆನೆಂದು ನೆನೆದು ಪ್ರಾಣ ಬಿಡುತ್ತಾಳೆ. ಹೇಳದಿದ್ದರೆ ದಿನಾಲೂ ಈ ಅಪಚಾರಕ್ಕೆ ಅವನೇ ಸಾಕ್ಷಿ.

ದ್ವಾದಶಿಯ ಬೆಳಿಗ್ಗೆ ತೀರ್ಥ ಕೊಟ್ಟ ಮೇಲೆ ಅವಳು ಬಾಟಲಿಯನ್ನೂ ಎರಡು ಕೈಯಲ್ಲಿ ಮುಂದೆ ಹಿಡಿದಳು.

"ಕಣ್ಣಿಗೆ ಒತ್ತಿಕೋ. ನನ್ನ ಬ್ಯಾನಿ ನಿನಗ ಬರೂದು ಬ್ಯಾಡ."

ಬಿಂದುಮಾಧವ ಕಣ್ಣು ಮುಚ್ಚಿ ಬಾಟಲಿಯನ್ನು ಒಂದು ರೆಪ್ಪೆಗೆ, ಆಮೇಲೆ ಇನ್ನೊಂದಕ್ಕೆ ಒತ್ತಿಕೊಂಡ. ಹರಸಲು ತಲೆ ಸವರಿದ ಅವಳ ಕೈ ಜಾರಿ ಅವನ ಕಿವಿಗೆ ತಾಗಿತು.

"ಜ್ವರ ಬಂದಾವೇನೋ? ಕಿವಿ ಸುಡಲಿಕ್ಕತ್ತಾವಲ್ಲ. ನಾಳಿಂದ ದಿನಾ ಒತ್ತಿಕೋ, ಛಲೋ ಆಗ್ತದ."

"ಆತವ್ವಾ" ಎಂದ ಅವನು.