ವಾರ್ನಿಷ್ ಒಣಗುವ ತನಕ

ಬಂದರಿನಲ್ಲಿ ಅವನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಕೊಟ್ಟವರು ಆ ಬಿರುದನ್ನು ತಮಾಷೆಗೆ ಕೊಟ್ಟಿದ್ದರು, ಇಸಿದುಕೊಂಡವನು ಮಾತ್ರ ಗಂಭೀರವಾಗಿಯೇ ಇಸಿದುಕೊಂಡಿದ್ದ. ಬಿರುದಿಗೆ ತಕ್ಕ ಬಿಳಿ ಟೋಪಿಯಿತ್ತು. ನಡುಗಡಲಿನ ಗಾಳಿಗೆ ಟೋಪಿ ಹಾರಿಹೋಗದಂತೆ ಗದ್ದದ ಕೆಳಗೆ ಕಟ್ಟಿಕೊಳ್ಳಲು ದಾರವೂ ಇತ್ತು. ನಡುಗಡಲನ್ನು ನೋಡಿದ್ದೊಂದು ಇರಲಿಲ್ಲ.

ಅಸಲು ಕಸುಬು ಲಿಫ್ಟ್ ತಪಾಸಣೆಯದು. ದೊಡ್ಡ ಕಟ್ಟಡಗಳ ಲಿಫ್ಟುಗಳ ನೆತ್ತಿಯ ಮೇಲೆ ಹತ್ತಿ ಕೂತು, ತಂತಿಹಗ್ಗ ಸವರಿ, ಬ್ರೇಕು ಹಿಡಿಯುತ್ತದೋ ನೋಡಿ, 'ಸುರಕ್ಷಿತ' ಎಂದು ರುಜು ಹಾಕಿ ಬರುವುದು. ಅವನು ರುಜು ಹಾಕಿದ ಲಿಫ್ಟು ಎಂದೂ ಯಾರನ್ನೂ ಬೀಳಿಸಲಿಲ್ಲ. ಅನುಮಾನ ಬಂದರೆ ರುಜುವನ್ನೇ ಹಾಕುತ್ತಿರಲಿಲ್ಲ. ಕಟ್ಟಡದ ಮಂದಿ ಶಾಪ ಹಾಕುತ್ತ ಮೆಟ್ಟಿಲು ಹತ್ತಿಕೊಂಡಿರಬೇಕಿತ್ತು. ಆಯುಷ್ಯವೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡಿದ ಮನುಷ್ಯನಿಗೆ ಒಂದು ಸಲ ಉದ್ದಕ್ಕೆ ಹೋಗಿಬಿಡೋಣ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಡುವಯಸ್ಸಿನಲ್ಲಿ ಮನೆ ಮಾರಿ ಹಳೆಯ ಹಾಯಿದೋಣಿಯೊಂದನ್ನು ಕೊಂಡ. ಅದರ ಹೊಟ್ಟೆಯೊಳಗೆ ಎರಡು ಹಾಸಿಗೆ, ಒಂದು ಒಲೆ, ಮಡಚಿದರೆ ಗೋಡೆಯಲ್ಲಿ ಮಾಯವಾಗುವ ಮೇಜು, ಬೆನ್ನುಜ್ಜಿಕೊಂಡರೆ ಎರಡೂ ಮೊಣಕೈಗೆ ಗೋಡೆ ತಾಗುವ ಬಚ್ಚಲು. ಸಂಸಾರ ಹೂಡಿಕೊಂಡೇ ಲೋಕ ಸುತ್ತಲು ಹೇಳಿ ಮಾಡಿಸಿದಂತಿತ್ತು. ಹಳೆಯ ಮಾಲೀಕ ಎಲ್ಲಿಂದಲೋ ಅದನ್ನು ನಡೆಸಿಕೊಂಡು ಬಂದು ಬಂದರಿನ ಜೆಟ್ಟಿಕಟ್ಟೆಗೆ ಕಟ್ಟಿ ಹೋದ. ಗಂಡ ಹೆಂಡತಿ ಅದರೊಳಗೇ ಸಂಸಾರ ಹೂಡಿದರು. ದೋಣಿ ಅಲ್ಲೇ ನಿಂತಿತು.

ನಿಂತಿತೆಂದರೆ ಸುಮ್ಮನೆ ನಿಲ್ಲಲಿಲ್ಲ. ಕ್ಯಾಪ್ಟನ್ ಅದರ ಮರವನ್ನೆಲ್ಲ ಮರಳುಕಾಗದದಲ್ಲಿ ಉಜ್ಜಿ ವಾರ್ನಿಷ್ ಬಳಿದ. ಒಣಗಿತು. ಮತ್ತೆ ಉಜ್ಜಿ ಮತ್ತೆ ಬಳಿದ. ಹಾಯಿಗಳು ಬಿಸಿಲಿಗೆ ಹಾಳಾಗಬಾರದೆಂದು ಮಡಚಿ ಚೀಲದಲ್ಲಿಟ್ಟ. ಹಾಯಿ ಏರಿಸುವ ಹಗ್ಗಗಳೂ ಸವೆಯಬಾರದೆಂದು ಕಂಬದಿಂದ ಬಿಚ್ಚಿ ಸುತ್ತಿಟ್ಟ. ದೂರದೂರದಿಂದ ಬಂದ ದೋಣಿಯವರು, ಮುಖದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿಕೊಂಡವರು, ಇದನ್ನು ನೋಡಿ ಬೆರಗಾಗಿ ನಿಲ್ಲುತ್ತಿದ್ದರು. "ಹೇಗೆ ಇಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ?" ಎಂದು ಕೇಳಿದರೆ ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡು, "ಶಿಸ್ತು" ಅನ್ನುತ್ತಿದ್ದ. ಷೋಕೇಸಿನಲ್ಲಿಟ್ಟ ಪಿಂಗಾಣಿ ಬಟ್ಟಲು ಒಡೆಯದೆ ಉಳಿಯುವುದಕ್ಕೂ ಅದೇ ಶಿಸ್ತು ಕಾರಣ.

ಹೆಂಡತಿ ಟೈಲರ್. ದೋಣಿಯ ದಿಂಬು, ಪರದೆ ಹೊಲಿದು ಮುಗಿದ ಮೇಲೆ ಬಂದುಹೋಗುವ ದೋಣಿಗಳ ಹರಿದ ಹಾಯಿಗಳಿಗೆ ತೇಪೆ ಹಾಕತೊಡಗಿದಳು. ಜೆಟ್ಟಿಯ ಮೇಲೆ ಕಾಲು ಚಾಚಿ ಕೂತು, ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡು, ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಸಾಗರಗಳನ್ನು ದಾಟಿತ್ತು. ಅವಳು ಬಂದರಿನ ಬಾಯಿಯನ್ನೂ ದಾಟಿರಲಿಲ್ಲ.

ಅಲೆ ತಡೆಯಲು ಎರಡೂ ಕಡೆಯಿಂದ ಕಲ್ಲಿನ ಗೋಡೆ ಕಟ್ಟಿ, ನಡುವೆ ದೋಣಿಗಳು ನುಸುಳುವಷ್ಟು ಬಾಯಿ ಬಿಟ್ಟಿದ್ದರು. ಅವಳ ಆಸೆಯೆಲ್ಲ ಆ ಬಾಯಿಯ ಆಚೆಗಿತ್ತು.

"ಲೋಕ ಸುತ್ತೋದೇನೂ ಬೇಡ ರೀ," ಅನ್ನುತ್ತಿದ್ದಳು. "ಆ ಗೋಡೆ ದಾಟಿ ಆಚೆ ಹೋಗೋಣ. ಒಂದು ಲೋಟ ಚಹಾ ಕುಡಿಯೋಣ. ಯಾವ ಕಡೆ ತಿರುಗಿದ್ರೂ ಗೋಡೆ ಕಾಣಬಾರದು, ಅಷ್ಟೇ. ವಾಪಸ್ ಬಂದ್ಬಿಡೋಣ."

"ಹೋಗೋಣ ಕಣೇ. ವಾರ್ನಿಷ್ ಒಣಗಲಿ."

"ನಿಮ್ಮ ವಾರ್ನಿಷ್ ಒಣಗೋದ್ರೊಳಗೆ ನಾನು ಒಣಗಿ ಹೋಗ್ತೀನಿ."

ಇಬ್ಬರೂ ನಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಮಾತ್ರ ದೋಣಿಗೆ ಜೀವ ಬರುತ್ತಿತ್ತು. ತುಕ್ಕು ಹಿಡಿಯಬಾರದೆಂದು ಕ್ಯಾಪ್ಟನ್ ಕಟ್ಟಿದಲ್ಲೇ ಎಂಜಿನ್ ಓಡಿಸುತ್ತಿದ್ದ. ಆ ಎಂಜಿನ್ ತಣ್ಣಗಿರಲು ಸಮುದ್ರದ ನೀರು ಬೇಕು. ದೋಣಿಯ ತಳದಲ್ಲಿ ಅದಕ್ಕೊಂದು ತೂತು, ತೂತಿಗೊಂದು ವಾಲ್ವು. ಕೆಲಸ ಮುಗಿದ ಮೇಲೆ ವಾಲ್ವು ಮುಚ್ಚದಿದ್ದರೆ, ಪೈಪು ಒಡೆದ ದಿನ ದೋಣಿ ಕಟ್ಟಿದಲ್ಲೇ ಮುಳುಗುತ್ತದೆ. ಮುಚ್ಚಿದ್ದನ್ನು ತೆರೆಯಲು ಮರೆತರೆ ಎಂಜಿನ್ ಸುಟ್ಟುಹೋಗುತ್ತದೆ. ಅದಕ್ಕೆ ದೋಣಿಯವರು ಒಂದು ಉಪಾಯ ಮಾಡಿಕೊಂಡಿರುತ್ತಾರೆ: ಎಂಜಿನ್ನಿನ ಬೀಗದಕೈಯನ್ನು ವಾಲ್ವಿನ ಹಿಡಿಗೇ ತೂಗುಹಾಕುವುದು. ವಾಲ್ವು ಮುಟ್ಟದೆ ಬೀಗದಕೈ ಸಿಗದು, ಬೀಗದಕೈ ಇಲ್ಲದೆ ಎಂಜಿನ್ ಏಳದು.

ನೆಲದ ಹಲಗೆ ಎತ್ತಿ, ಮೊಣಕಾಲೂರಿ, ಆ ಇಕ್ಕಟ್ಟಿನಲ್ಲಿ ಕೈ ತೂರಿಸಲು ಅವಳ ಸಣ್ಣ ಕೈಯೇ ಸರಿ. ಕ್ಯಾಪ್ಟನ್ ಮೇಲೆ ಚುಕ್ಕಾಣಿ ಚಕ್ರದ ಮುಂದೆ ಟೋಪಿ ಧರಿಸಿ ನಿಂತು, "ಬೀಗದಕೈ!" ಎಂದು ಕೂಗುತ್ತಿದ್ದ, ನೂರು ಜನ ನಾವಿಕರಿಗೆ ಆಜ್ಞೆ ಕೊಟ್ಟಂತೆ. ಅವಳು ವಾಲ್ವು ತಿರುಗಿಸಿ, ತಾನೇ ಹೊಲಿದ ಕೆಂಪು ಪಟ್ಟಿಯ ಬೀಗದಕೈಯನ್ನು ಮೇಲೆ ಚಾಚಿ, "ತಗೊಳ್ಳಿ ಮಹಾರಾಜ್ರೇ" ಅನ್ನುತ್ತಿದ್ದಳು. ಎಂಜಿನ್ ಶುರುವಾದ ಮೇಲೆ, ಒಳಹೋದ ನೀರು ಹೊರಬೀಳುವ ಹಿಂಬದಿಗೆ ಬಗ್ಗಿ ನೋಡಿ, "ನೀರು ಉಗುಳ್ತಿದೆ" ಎಂದು ವರದಿ ಒಪ್ಪಿಸುವವಳೂ ಅವಳೇ.

ಕಾಯಿಲೆ ಬಂದದ್ದು ಅವಳ ಹೊಟ್ಟೆಗೆ. ಡಾಕ್ಟರು ಕೊಯ್ದು, ನೋಡಿ, ಮತ್ತೆ ಹೊಲಿದರು. "ತೇಪೆ ಹಾಕೋದು ನನಗೂ ಗೊತ್ತು," ಎಂದು ಅವಳು ಗಂಡನಿಗೆ ಹೇಳಿದಳು, "ಬಟ್ಟೆ ಸವೆದಿದ್ರೆ ಹೊಲಿಗೆ ನಿಲ್ಲಲ್ಲ ರೀ." ಆಮೇಲಿನ ಭಾನುವಾರಗಳೆಲ್ಲ ಆಸ್ಪತ್ರೆಯ ಹಸಿರು ಗೋಡೆಯ ವಾರ್ಡಿನಲ್ಲಿ ಕಳೆದವು. ಎಂಜಿನ್ ಸುಮ್ಮನಿತ್ತು. ಇನ್ನು ಮಾಡುವುದೇನೂ ಇಲ್ಲ, ಬೇಕಾದರೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದಾಗ, ಹೆಂಡತಿಯ ತಂಗಿ ವಾರ್ಡಿನ ಬಾಗಿಲಲ್ಲೇ ಅವನನ್ನು ತಡೆದಳು.

"ಭಾವ, ನಮ್ಮನೆಗೆ ಕಳಿಸಿ. ಇನ್ನಾದ್ರೂ ಅಲುಗಾಡದ ಮಂಚದ ಮೇಲೆ ಮಲಗಲಿ."

"ಅವಳನ್ನ ಗೋಡೆ ಆಚೆ ಕರ್ಕೊಂಡು ಹೋಗ್ಬೇಕು."

"ಓಹೋ, ಈಗ! ಇಷ್ಟು ವರ್ಷ ಏನು, ಸಮುದ್ರ ರಿಪೇರಿಲಿತ್ತಾ?"

ಬೈದ ಬಾಯಲ್ಲೇ ತಂಗಿ ಕಂಬಳಿ ಮಡಚಿ ಕೊಟ್ಟಳು, ಫ್ಲಾಸ್ಕಿಗೆ ಚಹಾ ತುಂಬಿಸಿ ಕೊಟ್ಟಳು.

ಹೊರಡುವ ಬೆಳಿಗ್ಗೆ ಕ್ಯಾಪ್ಟನ್ ಸೂರ್ಯನಿಗಿಂತ ಮುಂಚೆ ಎದ್ದ. ಎಣ್ಣೆ ನೋಡಿದ. ಬ್ಯಾಟರಿ ನೋಡಿದ. ಜೀವರಕ್ಷಕ ಜಾಕೆಟ್ಟಿನ ಸೀಟಿಯನ್ನು ಊದಿಯೂ ನೋಡಿದ. ಹಾಯಿಗಳನ್ನು ಏರಿಸುವ ಯೋಚನೆ ಬರಲಿಲ್ಲ. ಅಷ್ಟು ದೂರಕ್ಕೆ ಎಂಜಿನ್ನೇ ಸಾಕು. ಬಂದರಿನ ಈ ದಡದಿಂದ ಆ ದಡಕ್ಕೆ ಜನ ಸಾಗಿಸುವ ಲಾಂಚಿನವನು ಬಂದು, ಅವಳನ್ನು ಮಗುವಿನಂತೆ ಎತ್ತಿ ತಂದು, ಹಿಂಬದಿಯ ಬೆಂಚಿನ ಮೇಲೆ ಮಲಗಿಸಿದ.

"ಅಕ್ಕಾ, ಹಗುರಾಗಿಬಿಟ್ಟಿದ್ದೀರಲ್ಲ."

"ಹೂಂ ಕಣಪ್ಪ. ದೋಣಿ ಬೇಗ ಹೋಗ್ಲಿ ಅಂತ."

ಕ್ಯಾಪ್ಟನ್ ಟೋಪಿಯ ದಾರ ಬಿಗಿದು ಚಕ್ರದ ಮುಂದೆ ನಿಂತ. ಔಷಧಿಯ ಮಂಪರಿನಲ್ಲಿದ್ದವಳು ಕಣ್ಣು ಬಿಟ್ಟು, ಒಂದು ಮೊಣಕೈ ಊರಿ ಏಳಲು ನೋಡಿದಳು. "ರೀ, ಬೀಗದಕೈ ತಂದುಕೊಡ್ತೀನಿ ಇರಿ."

ಅವನ ಎದೆ ಕರಗಿತು. "ನೀನು ಮಲಕ್ಕೋ. ನನ್ನ ಹತ್ರ ಸ್ಪೇರ್ ಇದೆ."

ಇರದೆ ಇರುತ್ತದೆಯೇ? ಎಲ್ಲದಕ್ಕೂ ಒಂದು ಸ್ಪೇರ್ ಇಟ್ಟವನು ಅವನು. ಚಕ್ರದ ಪಕ್ಕದ ಖಾನೆಯಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಹೊಚ್ಚಹೊಸ ಬೀಗದಕೈ. ಅದನ್ನು ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಲಾಂಚಿನವನು ಹಗ್ಗ ಬಿಚ್ಚಿದ. ದೋಣಿ ಮೊದಲ ಸಲ ಜೆಟ್ಟಿಯಿಂದ ಬಿಡಿಸಿಕೊಂಡಿತು.

ಲಾಂಚಿನವನು ದಡದಲ್ಲಿ ಎರಡೂ ಕೈ ಎತ್ತಿ ಬೀಸುತ್ತ ಏನೋ ಕೂಗುತ್ತಿದ್ದ. ದೋಣಿಯ ಹಿಂಬದಿಯಿಂದ ನೀರು ಬರುತ್ತಿಲ್ಲವೆಂದು ಅವನು ಬೊಬ್ಬೆ ಹೊಡೆಯುತ್ತಿದ್ದದ್ದು ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಬೀಳ್ಕೊಡುತ್ತಿದ್ದಾನೆಂದು ಕ್ಯಾಪ್ಟನ್ ದಾರ ಬಿಚ್ಚಿ, ಟೋಪಿ ತೆಗೆದು, ಬಹು ಘನತೆಯಿಂದ ಬೀಸಿದ. ಆ ಹೊತ್ತಿನಲ್ಲಿ ಅವನು ತಿರುಗಿ ನೋಡಬೇಕಿದ್ದದ್ದು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು.

ಬಂದರಿನ ಬಾಯಿಯಲ್ಲೇ ಎಂಜಿನ್ನಿನ ಅಪಾಯದ ಗಂಟೆ ಹೊಡೆದುಕೊಂಡಿತು. ಸುಟ್ಟ ರಬ್ಬರಿನ ವಾಸನೆ, ಮೆಟ್ಟಿಲ ಕೆಳಗಿನಿಂದ ಹೊಗೆ. ಎಂಜಿನ್ ಕೆಮ್ಮಿ, ಹಲ್ಲು ಕಚ್ಚಿ, ನಿಂತುಬಿಟ್ಟಿತು. ಹೊರಗಿನಿಂದ ಬೀಸುವ ಗಾಳಿ ದೋಣಿಯನ್ನು ಮೆಲ್ಲಗೆ ಗೋಡೆಯ ಕಲ್ಲುಗಳತ್ತ ತಳ್ಳತೊಡಗಿತು. ಹಾಯಿ ಏರಿಸೋಣವೆಂದರೆ ಹಾಯಿ ಚೀಲದಲ್ಲಿ, ಹಗ್ಗ ಇನ್ನೊಂದು ಚೀಲದಲ್ಲಿ. ಬೆಳ್ಳಿಬಣ್ಣ ಬಳಿದಿಟ್ಟಿದ್ದ ಲಂಗರನ್ನು ಎತ್ತಿ ಎಸೆದ. ಅದು ತಳ ಕಚ್ಚಿತು. ದೋಣಿ ಗೋಡೆಯ ಪಕ್ಕದಲ್ಲಿ ನಿಂತಿತು. ಇಷ್ಟು ವರ್ಷ ನಿಲ್ಲಿಸಿಟ್ಟುಕೊಂಡವನಿಗೆ ನಿಲ್ಲಿಸುವುದೊಂದು ಸರಿಯಾಗಿ ಬಂತು.

ಆಗ ಅವನಿಗೆ ಹೊಳೆಯಿತು, ವಾಲ್ವು ತೆರೆಯಲು ಮರೆತೆನೆಂದು. ಅವಳ ಬೆಂಚಿನ ಪಕ್ಕ ಬಂದು ಕೂತ.

"ನಿಂತ್ವಾ?" ಅವಳು ಕಣ್ಣು ತೆರೆದಳು. "ಆಚೆ ಬಂದ್ವಾ ರೀ?"

ಸುಳ್ಳು ರುಜು ಎಂದೂ ಹಾಕದ ಮನುಷ್ಯ. "ಬಂದ್ವಿ ಕಣೇ."

ಅವಳು ಮಲಗಿದ್ದಲ್ಲಿಂದಲೇ ಮೆಲ್ಲಗೆ ಕತ್ತು ಹೊರಳಿಸಿದಳು. "ಗೋಡೆ ಕಾಣ್ತಿದೆಯಲ್ಲ."

"ಅದು… ಅದು ಬೇರೆ ಊರಿನ ಗೋಡೆ."

ಅವಳು ಗೋಡೆಯನ್ನೂ ಅವನನ್ನೂ ನೋಡಿದಳು. ಆಮೇಲೆ ಹೊಲಿಗೆ ಹಾಕಿದ ಹೊಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ನಕ್ಕಳು. "ಅಬ್ಬಾ, ಏನ್ ಸ್ಪೀಡು ರೀ ನಿಮ್ಮ ದೋಣಿ!"

ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ತುಟಿಗೆ ಹಿಡಿದ. ತುಟಿ ಒದ್ದೆಯಾಯಿತೇ ಹೊರತು ಒಳಗೆ ಇಳಿಯಲಿಲ್ಲ. ಅಷ್ಟರಲ್ಲಿ ಲಾಂಚಿನವನು ಪ್ರಯಾಣಿಕರ ಸಮೇತ ಬಂದು, ಹಗ್ಗ ಎಸೆದು, ಅವರನ್ನು ಎಳೆದುಕೊಂಡು ಹೋದ. ಲಾಂಚಿನ ಜನ ಸಾಲಾಗಿ ನಿಂತು ನೋಡಿದರು. ಎಷ್ಟು ಚೆಂದದ ದೋಣಿ ಎಂದು ಯಾರೋ ಅಂದದ್ದು ಕ್ಯಾಪ್ಟನ್ನಿಗೆ ಕೇಳಿಸಿತು.

ವಾರ ತುಂಬುವ ಮುಂಚೆ ತಂಗಿಯ ಮನೆಯಲ್ಲಿ, ಅಲುಗಾಡದ ಮಂಚದ ಮೇಲೆ, ಅವಳು ತೀರಿಕೊಂಡಳು. ತಂಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಆಮೇಲೆ ಒಂದು ದಿನ ಅವನು ನೆಲದ ಹಲಗೆ ಎತ್ತಿದ. ಬೀಗದಕೈ ವಾಲ್ವಿನ ಹಿಡಿಯಲ್ಲೇ ತೂಗುತ್ತಿತ್ತು, ಕೆಂಪು ಪಟ್ಟಿ ತೇವಕ್ಕೆ ಕಪ್ಪಾಗಿತ್ತು. ಮುಟ್ಟಲು ನೋಡಿದ. ಅವನ ದಪ್ಪ ಕೈ ಆ ಸಂದಿಯಲ್ಲಿ ತೂರಲಿಲ್ಲ. ಗೆಣ್ಣಿನ ಚರ್ಮ ಸುಲಿದುಕೊಂಡು ಕೊನೆಗೂ ಹಿಡಿದ. ಸ್ಪೇರ್ ಬೀಗದಕೈಯನ್ನು ಜೆಟ್ಟಿಯಿಂದ ನೀರಿಗೆ ಎಸೆದ.

ಎಂಜಿನ್ ಬಿಚ್ಚಿಸಿ ಸರಿ ಮಾಡಿಸಿದ. ದೋಣಿ ಮಾರಾಟಕ್ಕಿದೆ ಎಂದು ಬೋರ್ಡು ತೂಗುಹಾಕಿದ. ನೋಡಲು ಬಂದವರಿಗೆ ಕೊರತೆಯಿರಲಿಲ್ಲ. ಒಬ್ಬ ಮರ ಸವರಿ ಹೊಗಳಿದ. ಕ್ಯಾಪ್ಟನ್ ಅವನಿಗೆ ಕೊಡುವುದಿಲ್ಲವೆಂದ. ಮೊನ್ನೆ ಹೊಸದಾಗಿ ಮದುವೆಯಾದವರು ಬಂದಿದ್ದರು. ಹುಡುಗಿ ಒಲೆ ನೋಡಿದಳು, ಹಾಸಿಗೆ ನೋಡಿದಳು, ಹಲಗೆಯಡಿಗೆ ಕೈ ತೂರಿಸಿ ವಾಲ್ವನ್ನೂ ತಿರುಗಿಸಿದಳು. ಸಲೀಸಾಗಿ ತಿರುಗಿತು. ಕ್ಯಾಪ್ಟನ್ ಮುಖ ಬೇರೆ ಕಡೆ ಮಾಡಿದ.

"ನಮಗೆ ತುಂಬ ಹಿಡಿಸಿದೆ ಸಾರ್," ಎಂದ ಹುಡುಗ. "ಮೊದಲು ಒಂದು ವರ್ಷ ಇಲ್ಲೇ ಇದ್ದು, ಎಲ್ಲ ನೀಟಾಗಿ ರೆಡಿ ಮಾಡ್ಕೊಂಡು, ಆಮೇಲೆ ಹೊರಡೋಣ ಅಂತ."

"ದೋಣಿ ಮಾರಾಟಕ್ಕಿಲ್ಲ."

"ಬೋರ್ಡು…"

"ಇಳೀರಪ್ಪ."

ಅವರು ಮುಖ ಮುಖ ನೋಡಿಕೊಂಡು ಇಳಿದು ಹೋದರು. ಲಾಂಚಿನವನು ತನ್ನ ಹಗ್ಗದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ.

"ಹೀಗೆ ಬಂದೋರನ್ನೆಲ್ಲ ಓಡಿಸಿದ್ರೆ ಯಾರಿಗೆ ಮಾರ್ತೀರಿ, ಕ್ಯಾಪ್ಟನ್ನೋರೇ?"

"ಅವಸರ ಇರೋರಿಗೆ."

"ಅವಸರ ಇರೋರು ಹಾಯಿದೋಣಿ ಯಾಕೆ ತಗೋತಾರೆ? ಬಸ್ ಹತ್ತಿ ಹೋಗ್ತಾರೆ."

ಕೈಹಿಡಿಯ ಮರದ ಮೇಲೆ ವಾರ್ನಿಷ್ ಒಂದು ಕಡೆ ಎದ್ದು ಸುರುಳಿಯಾಗಿತ್ತು. ಕ್ಯಾಪ್ಟನ್ ಅದನ್ನು ಉಗುರಿನಿಂದ ಎಬ್ಬಿಸುತ್ತ, ಸಿಪ್ಪೆ ಸಿಪ್ಪೆಯಾಗಿ ನೀರಿಗೆ ಬಿಡುತ್ತ ಕೂತ.