ಫಿಲ್ಟರಿಗೆ ಸುತ್ತಿದ ಬೈರಾಸು

ಕಳೆದ ವಾರ, ನಾನು ದುಡಿಯುವ ಈ ಅರಬ್ ಊರಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಸಿಗ್ನಲ್‌ನಲ್ಲಿ ನಿಂತಿದ್ದಾಗ ಮುಂದಿದ್ದ ಹಳೆಯ ಲಾರಿಯೊಂದು ಕಪ್ಪು ಹೊಗೆ ಬಿಟ್ಟು ಹೊರಟಿತು. ಕಿಟಕಿ ಏರಿಸುವಷ್ಟರಲ್ಲಿ ಅರೆ ಉರಿದ ಡೀಸೆಲ್ ವಾಸನೆ ಒಳಗೆ ಬಂದಾಗಿತ್ತು. ಮದೀನತ್ ಜಾಯೆದ್‌ನ ಗ್ಯಾರೇಜಿನ ಅಣ್ಣನ ನೆನಪಾಯಿತು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು.

ಆಗ ನಾನು ನಮ್ಮ ಧಣಿಗಳ ಕೇಟರಿಂಗ್ ಕಂಪನಿಯಲ್ಲಿ ಡ್ರೈವರ್. ಬೆಳಿಗ್ಗೆ ಅಲ್ ಮೀನಾ ಮಾರ್ಕೆಟಿನಲ್ಲಿ ತರಕಾರಿ ತುಂಬಿಸಿಕೊಂಡು ಮದೀನತ್ ಜಾಯೆದ್‌ನ ಅಡುಗೆಮನೆಗೆ ಮುಟ್ಟಿಸುವುದು ಕೆಲಸ. ಗಾಡಿ ಹಳೆಯ ಡೀಸೆಲ್ ಪಿಕಪ್. ಆ ವರ್ಷ ಪಾಸಿಂಗ್‌ಗೆ, ಎಂದರೆ ವರ್ಷಕ್ಕೊಮ್ಮೆ ಆಗುವ ತಪಾಸಣೆಗೆ ಒಯ್ದರೆ, ಹೊಗೆ ಜಾಸ್ತಿ ಎಂದು ಫೇಲ್ ಮಾಡಿದರು. ಧಣಿಗಳು ಬೈಯಲಿಲ್ಲ. "ಇನ್ನೊಂದು ಸಲ ನೋಡುವ. ಆಗದಿದ್ರೆ ಖಲಾಸ್. ಗಾಡಿ ಸ್ಕ್ರ್ಯಾಪಿಗೆ, ನೀನು ಊರಿಗೆ" ಎಂದರು. ಊರಿನಲ್ಲಿ ತಂಗಿಯ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ ಇತ್ತು.

ಗ್ಯಾರೇಜಿನ ಅಣ್ಣ ಉಡುಪಿ ಕಡೆಯವರು. ಧಣಿಗಳ ಎಲ್ಲ ಗಾಡಿಗಳೂ ಅವರ ಕೈಯಲ್ಲೇ ರಿಪೇರಿ. ಗ್ಯಾರೇಜು ನಡೆಯುತ್ತಿದ್ದುದೂ ಅದರಿಂದಲೇ. ಹೊಗೆಯ ದೂರು ಬಂದರೆ ಅವರು ಮೊದಲು ಬಾನೆಟ್ ತೆರೆಯುತ್ತಿರಲಿಲ್ಲ. ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಬಿಳಿ ಟಿಶ್ಯೂ ಹಿಡಿದು, ಆಕ್ಸಿಲರೇಟರ್ ಒತ್ತಲು ಹೇಳುತ್ತಿದ್ದರು. ಹೊಗೆ ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿಯೇ ಬಂದರೆ ಒಳಗೆ ನೀರು ಇಳಿಯುತ್ತಿರಬಹುದು, ಕಪ್ಪಾದರೆ ಡೀಸೆಲ್ ಹೆಚ್ಚು, ಇಲ್ಲವೇ ಗಾಳಿ ಕಡಿಮೆ... ಡಾಕ್ಟರು ನಾಲಿಗೆ ನೋಡಿದ ಹಾಗೆ.

ಅಂದು ಟಿಶ್ಯೂವಿನಲ್ಲಿ ಒಣ ಮಸಿ ಮಾತ್ರ ಇತ್ತು, ಎಣ್ಣೆಯ ಪಸೆ ಇರಲಿಲ್ಲ. "ಡೀಸೆಲ್ ಬಿಡುವ ಇಂಜೆಕ್ಟರ್ ಮೊನ್ನೆಯಷ್ಟೇ ನಾನೇ ಸರಿ ಮಾಡಿದ್ದು. ಇದಕ್ಕೆ ಉಸಿರು ಕಟ್ಟಿದೆ ಮಾರಾಯ" ಎಂದು ಏರ್ ಫಿಲ್ಟರಿನ ಡಬ್ಬ ಬಿಚ್ಚಿದರು.

ಒಳಗೆ ಫಿಲ್ಟರಿಗೆ ಸುತ್ತಿ ಕಟ್ಟಿದ್ದು ನಾನು ಮೈ ಒರೆಸಿಕೊಳ್ಳುತ್ತಿದ್ದ ಬೈರಾಸು. ಮರಳುಗಾಳಿ ಬೀಸಿದ ದಿನ ನಾನೇ ಕಟ್ಟಿದ್ದೆ. ನಳ್ಳಿಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿ ಕುಡಿದು ಬೆಳೆದವರು ನಾವು. ಗಾಳಿಗೂ ಅದೇ ಬುದ್ಧಿ ಓಡಿಸಿದ್ದೆ. ಹಾಗೆ ಮಾಡಬೇಡ ಎಂದು ಅಣ್ಣ ಎರಡು ಸಲ ಹೇಳಿದ್ದರು... ಧೂಳು ಮೆತ್ತಿ ಬಟ್ಟೆ ಗಟ್ಟಿಯಾಗಿ ನಿಂತಿತ್ತು. ಅವರು ನನ್ನನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ಹೊರಗೆ ಧಣಿಗಳ ಕಾರು ಬಂತು. ಅಣ್ಣ ಬೈರಾಸನ್ನು ಎಳೆದು ಕಸದ ಡ್ರಮ್ಮಿಗೆ ಹಾಕಿದರು.

"ಎಂತ ಆಗಿತ್ತು?" ಎಂದು ಧಣಿಗಳು ಕೇಳಿದರು.

"ನಂದೇ ತಪ್ಪು ಧಣಿ. ಸರ್ವಿಸ್ ಮಾಡುವಾಗ ಫಿಲ್ಟರ್ ಸರಿ ನೋಡ್ಲಿಲ್ಲ. ಇವನದ್ದು ಎಂತ ಇಲ್ಲ" ಎಂದರು ಅಣ್ಣ.

ನಾನು ನೆಲ ನೋಡುತ್ತಾ ನಿಂತಿದ್ದೆ.

ಅಣ್ಣ ಹೊಸ ಫಿಲ್ಟರ್ ಹಾಕಿದರು. ಮರುದಿನ ಗಾಡಿ ಪಾಸಾಯಿತು, ನನ್ನ ವೀಸಾ ಉಳಿಯಿತು. ಇಷ್ಟು ಸಣ್ಣ ಕೆಲಸದಲ್ಲಿ ತಪ್ಪುವವನನ್ನು ನಂಬುವುದು ಹೇಗೆ ಎಂದು ಧಣಿಗಳು ಗಾಡಿಗಳನ್ನೆಲ್ಲ ಬೇರೆ ಗ್ಯಾರೇಜಿಗೆ ಕಳಿಸತೊಡಗಿದರು. ಒಯ್ದು ಬಿಡುತ್ತಿದ್ದವನು ನಾನೇ. ವರ್ಷ ತುಂಬುವುದರೊಳಗೆ ಅಣ್ಣ ಗ್ಯಾರೇಜು ಮುಚ್ಚಿ ಊರಿಗೆ ಹೊರಟರು. ಹಿಂದಿನ ದಿನ ನೋಡಲು ಹೋಗಿದ್ದೆ. ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ. "ನಂಗೆ ಈ ಊರು ಸಾಕಾಗಿತ್ತು ಮಾರಾಯ. ನಿಂಗೆ ಇನ್ನೂ ಉಂಟಲ್ಲ" ಎಂದು ಅವರೇ ಚಹಾ ತರಿಸಿದರು. ಕುಡಿದು ಬಂದೆ.

ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು ಎಂದು ಯಾರೋ ಹೇಳಿ ತಿಳಿಯಿತು.

ನಾನೀಗ ಅದೇ ಕಂಪನಿಯಲ್ಲಿ ಗಾಡಿಗಳ ಸೂಪರ್‌ವೈಸರ್. ಮೊನ್ನೆ ಧಣಿಗಳ ಎದುರು ಅಣ್ಣನ ಸುದ್ದಿ ತೆಗೆದೆ. "ಒಳ್ಳೆ ಕೆಲಸಗಾರ. ಅದೊಂದು ಸಲ ಅಜಾಗ್ರತೆ ಮಾಡಿದ, ಪಾಪ" ಎಂದರು. ಹೇಳಿಬಿಡಬೇಕೆಂದೇ ಹೋಗಿದ್ದೆ. ಈಗ ಹೇಳಿದರೆ ನನ್ನ ಕೆಲಸಕ್ಕೆ ಏನೂ ಆಗುವುದಿಲ್ಲ, ಅದೂ ಗೊತ್ತಿತ್ತು.

"ಹೌದು ಧಣಿ" ಎಂದೆ.